ಬರೆದವರು ಯಾರು, ಹೊಣೆ ಯಾರದು

2015ರ ಮೇ ತಿಂಗಳಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯನ್ನು ಅಳೆದ ಲೇಖನವೊಂದು ಪ್ರಕಟವಾಯಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ದೊಡ್ಡ ತಂಡಗಳು ತಮ್ಮ ತಮ್ಮ ಅಳತೆಗಳನ್ನು ಒಟ್ಟುಗೂಡಿಸಿ ಬರೆದ ಲೇಖನ ಅದು. ಒಟ್ಟು 33 ಪುಟ. ಸಂಶೋಧನೆಯ ವಿವರ, ಆಕರಗಳ ಪಟ್ಟಿ ಎಲ್ಲ ಸೇರಿ 9 ಪುಟಕ್ಕೆ ಮುಗಿಯುತ್ತದೆ. ಉಳಿದ 24 ಪುಟಗಳ ತುಂಬ ಲೇಖಕರ ಹೆಸರು, ಅವರವರ ಸಂಸ್ಥೆಗಳ ಹೆಸರು. ಲೇಖಕರ ಸಂಖ್ಯೆ 5,154.

ಇಷ್ಟು ಜನ ಸೇರಿ ಒಂದು ವಾಕ್ಯವನ್ನೂ ಬರೆಯಲಾರರು. ಆದರೆ ಕಾಂತಗಳನ್ನು ಕಟ್ಟಿದವರು, ಗಣಕದ ಪ್ರೋಗ್ರಾಂ ಬರೆದವರು, ರಾತ್ರಿ ಪಾಳಿಯಲ್ಲಿ ಯಂತ್ರ ಕಾದವರು ಇಲ್ಲದೆ ಆ ಅಳತೆ ಸಿಗುತ್ತಲೂ ಇರಲಿಲ್ಲ. ಅದೇ ಪತ್ರಿಕೆಯಲ್ಲಿ 1975ರಲ್ಲಿ ಇದಕ್ಕೆ ತೀರ ವಿರುದ್ಧವಾದದ್ದು ನಡೆದಿತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಬರೆದ ಲೇಖನದಲ್ಲಿ ಉದ್ದಕ್ಕೂ ‘ನಾವು’ ಎಂದಿತ್ತು. ಒಬ್ಬನೇ ಲೇಖಕನಾದರೆ ಪತ್ರಿಕೆ ಆ ಬಹುವಚನವನ್ನು ಒಪ್ಪುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರಿನ ಕಾಲ; ಇಡೀ ಲೇಖನವನ್ನು ಮತ್ತೆ ಹೊಡೆಯಬೇಕು. ಹೆದರಿಂಗ್ಟನ್ ಅದರ ಬದಲು ತಮ್ಮ ಮನೆಯ ಸಯಾಮಿ ಬೆಕ್ಕು ಚೆಸ್ಟರನ್ನು ‘ಎಫ್.ಡಿ.ಸಿ. ವಿಲ್ಲರ್ಡ್’ ಎಂಬ ಹೆಸರಿನಲ್ಲಿ ಸಹಲೇಖಕನನ್ನಾಗಿ ಸೇರಿಸಿಬಿಟ್ಟರು. ಲೇಖನ ಪ್ರಕಟವಾಯಿತು.

ಐದು ಸಾವಿರ ಜನರಿಗೂ ಒಂದು ಬೆಕ್ಕಿಗೂ ಒಂದೇ ಪತ್ರಿಕೆಯಲ್ಲಿ ಒಂದೇ ಪದವಿ ಸಿಕ್ಕಿದೆ ಎಂದಮೇಲೆ, ಲೇಖಕ ಎಂದರೆ ಯಾರು ಎಂಬ ಪ್ರಶ್ನೆಯನ್ನು ಸಂಪಾದಕರ ಮೇಜಿನಿಂದ ಎತ್ತಿ ಬೇರೆಡೆ ಇಟ್ಟು ನೋಡಬೇಕಾಗುತ್ತದೆ. ಭಾರತದ ದರ್ಶನಗಳಲ್ಲಿ ಅದಕ್ಕೆ ಬಹಳ ಹಳೆಯದಾದ, ಬಹಳ ಬಿಸಿಯಾದ ಚರ್ಚೆಯೇ ಇದೆ.

ವೇದವನ್ನು ಯಾರೂ ರಚಿಸಿಲ್ಲ, ಅದು ಅಪೌರುಷೇಯ ಎಂದರು ಮೀಮಾಂಸಕರು. ಮಾತಿನಲ್ಲಿ ದೋಷ ಬರುವುದು ಆಡುವವನಿಂದ. ಅವನಿಗೆ ಭ್ರಮೆ ಇದ್ದೀತು, ಆಸೆ ಇದ್ದೀತು, ಮೋಸದ ಬುದ್ಧಿ ಇದ್ದೀತು. ಕರ್ತೃವೇ ಇಲ್ಲದ ಮಾತಿಗೆ ಇವು ಯಾವುವೂ ಅಂಟುವುದಿಲ್ಲ ಎಂಬುದು ಅವರ ವಾದದ ತಿರುಳು. ನೈಯಾಯಿಕರು ಒಪ್ಪಲಿಲ್ಲ. ಮಾತನ್ನು ನಂಬುವುದೇ ಆಡಿದವನ ಮೇಲಿನ ನಂಬಿಕೆಯಿಂದ. ಆಯುರ್ವೇದದ ಮಾತು ನಿಲ್ಲುವುದು ತಿಳಿದವರು ಹೇಳಿದ್ದರಿಂದ. ವೇದವೂ ಪ್ರಮಾಣವಾಗುವುದು ಅದನ್ನು ಹೇಳಿದವನು ಆಪ್ತನಾದ್ದರಿಂದ ಎಂದರು. ಇಂದಿನ ವಿದ್ವತ್ ಪತ್ರಿಕೆಗಳನ್ನು ನೋಡಿದರೆ ಎರಡೂ ಪಕ್ಷಗಳು ಒಂದೇ ಮನೆಯಲ್ಲಿ ಬಾಳುತ್ತಿರುವ ಹಾಗಿದೆ. ಅನೇಕ ಪತ್ರಿಕೆಗಳು ಲೇಖನವನ್ನು ಪರಿಶೀಲನೆಗೆ ಕಳಿಸುವಾಗ ಹೆಸರು ಮುಚ್ಚಿಡುತ್ತವೆ, ಹೆಸರು ತೀರ್ಪನ್ನು ಕೆಡಿಸುತ್ತದೆಂದು. ಪ್ರಕಟವಾದ ಮರುಕ್ಷಣ ಹೆಸರೇ ಸರ್ವಸ್ವ. ಅದರ ಬಲದಿಂದಲೇ ಲೇಖನವನ್ನು ಉಲ್ಲೇಖಿಸುತ್ತಾರೆ, ಅದರ ಬಲದಿಂದಲೇ ಬಡ್ತಿ ಕೊಡುತ್ತಾರೆ.

ಇನ್ನೂ ಆಳದ ಚರ್ಚೆ ಇರುವುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ. ಜೀವ ನಿಜಕ್ಕೂ ಕರ್ತೃವೇ? ಅಲ್ಲವೆಂದರೆ ‘ಹೀಗೆ ಮಾಡು, ಹೀಗೆ ಮಾಡಬೇಡ’ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ಹೌದೆಂದರೆ ದೇವರ ಸ್ವಾತಂತ್ರ್ಯಕ್ಕೆ ಕುಂದು. ಅಲ್ಲಿ ಒಬ್ಬ ಬಡಗಿ ದೃಷ್ಟಾಂತವಾಗಿ ಬರುತ್ತಾನೆ. ಶಂಕರರು ಅವನನ್ನು ನೋಡುವ ಬಗೆ ಹೀಗೆ: ಬಾಚಿ ಕೈಯಲ್ಲಿ ಹಿಡಿದಾಗ ಬಡಗಿ ಕರ್ತೃ, ದುಡಿಮೆಯ ದುಃಖವೂ ಅವನದು, ಮನೆಗೆ ಬಂದು ಉಪಕರಣ ಕೆಳಗಿಟ್ಟರೆ ಅವನೇ ಸ್ವಸ್ಥ, ಸುಖಿ. ಜೀವನ ಕರ್ತೃತ್ವವೂ ಹಾಗೆಯೇ ಉಪಾಧಿಯಿಂದ ಬಂದದ್ದು, ಕಳಚಿಡಬಹುದಾದದ್ದು.

ಉಡುಪಿಯ ಬಳಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಅದೇ ಸೂತ್ರ, ಅದೇ ಬಡಗಿಯನ್ನು ತೆಗೆದುಕೊಂಡು ಬೇರೆಯದೇ ಮಾತು ಹೇಳಿದರು. ಬಡಗಿ ಕೆಲಸ ಮಾಡಿಸುವವನ ಅಧೀನದಲ್ಲಿದ್ದಾನೆ. ಹಾಗಿದ್ದೂ ಕೆಲಸ ಮಾಡುವವನು ಅವನೇ. ಅಧೀನತೆಯೂ ನಿಜ, ಕರ್ತೃತ್ವವೂ ನಿಜ. ಮಧ್ವರ ಜೀವ ಸ್ವತಂತ್ರ ಕರ್ತೃವಲ್ಲ, ಆದರೆ ಹುಸಿ ಕರ್ತೃವೂ ಅಲ್ಲ. ಸ್ವತಂತ್ರನೆಂಬ ಹೆಮ್ಮೆ ಅವನಿಗೆ ಸಲ್ಲದು. ‘ಮಾಡಿದ್ದು ನಾನಲ್ಲ’ ಎಂದು ಕೈತೊಳೆದುಕೊಳ್ಳುವ ಹಾದಿಯೂ ಅವನಿಗೆ ತೆರೆದಿಲ್ಲ. ಹಕ್ಕು ಕಡಿಮೆಯಾದರೂ ಹೊಣೆ ಕಡಿಮೆಯಾಗದಂಥ ಒಂದು ಸ್ಥಾನವನ್ನು ಈ ವ್ಯಾಖ್ಯಾನ ಮನುಷ್ಯನಿಗೆ ಕೊಡುತ್ತದೆ. ಮಾಡಿದ್ದರ ಮೇಲಿನ ಹಕ್ಕು ಒಂದು, ಮಾಡಿದ್ದರ ಹೊಣೆ ಇನ್ನೊಂದು ಎಂಬ ಈ ಬಿಡಿಸುವಿಕೆ ಇಂದಿನ ವಿಶ್ವವಿದ್ಯಾಲಯಗಳಿಗೆ ಅತ್ಯಂತ ತುರ್ತಾಗಿ ಬೇಕಾಗಿದೆ.

ಕನ್ನಡದ ಕವಿಗಳು ಈ ಎರಡರ ನಡುವೆ ಬಗೆಬಗೆಯಾಗಿ ನಿಂತಿದ್ದಾರೆ. ಹತ್ತನೆಯ ಶತಮಾನದ ಪಂಪನಿಗೆ ತನ್ನ ಕೃತಿಯ ಬಗ್ಗೆ ಯಾವ ಸಂಕೋಚವೂ ಇರಲಿಲ್ಲ. ಒಂದು ಕಾವ್ಯವನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ದಾಖಲಿಸಿಯೇ ಹೋದ. ಗದುಗಿನ ಕುಮಾರವ್ಯಾಸ ಕವಿಯ ಸ್ಥಾನವನ್ನು ವೀರನಾರಾಯಣನಿಗೆ ಕೊಟ್ಟು ತಾನು ಬರೆದುಕೊಂಡವನಷ್ಟೇ ಎಂದ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ವಾದವಂತೂ ಕೆ.ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದ ಮೇಲೆ ತಲೆಮಾರುಗಳವರೆಗೆ ನಡೆಯಿತು. ದೊರೆಯ ಒಪ್ಪಿಗೆ ಪಡೆದದ್ದು ದೊರೆ ಬರೆದದ್ದಾಗುತ್ತದೆಯೇ? ಮಾರ್ಗದರ್ಶಕರ ಒಪ್ಪಿಗೆಯಿಂದ ಬಂದ ಲೇಖನದಲ್ಲಿ ಅವರ ಹೆಸರು ಮೊದಲಿರಬೇಕೇ ಎಂದು ಇಂದು ಪ್ರಯೋಗಾಲಯಗಳಲ್ಲಿ ನಡೆಯುವ ಜಗಳದ ಬೇರೂ ಇಲ್ಲೇ ಇದೆ.

ವಚನಕಾರರು ಮತ್ತು ಹರಿದಾಸರು ಕಂಡುಕೊಂಡ ದಾರಿ ಮಾತ್ರ ಇವೆಲ್ಲಕ್ಕಿಂತ ಬೇರೆ. ಬಸವಣ್ಣನವರ ವಚನ ಕೂಡಲಸಂಗಮದೇವನಲ್ಲಿ ಮುಗಿಯುತ್ತದೆ, ಅಲ್ಲಮನದು ಗುಹೇಶ್ವರನಲ್ಲಿ, ಅಕ್ಕನದು ಚೆನ್ನಮಲ್ಲಿಕಾರ್ಜುನನಲ್ಲಿ. ಬರೆದವರ ಹೆಸರು ಎಲ್ಲೂ ಇಲ್ಲ. ಆದರೂ ಬರೆದವರು ಯಾರೆಂಬುದರಲ್ಲಿ ಸಾಮಾನ್ಯವಾಗಿ ಸಂಶಯ ಉಳಿಯುವುದಿಲ್ಲ. ಒಡೆತನವನ್ನು ಇಷ್ಟದೈವಕ್ಕೆ ಒಪ್ಪಿಸಿ ಗುರುತನ್ನು ತಾನೇ ಹೊತ್ತುಕೊಳ್ಳುವ ಏರ್ಪಾಡು ಇದು. ಈ ಗುರುತು ಎಷ್ಟು ಜೀವಂತವಾದದ್ದು ಎಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ ಎಂಬ ಪುಸ್ತಕದಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. ದೊಡ್ಡ ವಿರೋಧ ಎದ್ದು, 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ಸರ್ಕಾರದ ಆದೇಶವೇ ಉಳಿಯಿತು. ಪುಸ್ತಕದ ಮುಟ್ಟುಗೋಲು ಸರಿಯೇ ಎಂಬುದು ಬೇರೆ ಚರ್ಚೆ. ತನ್ನ ಹೆಸರನ್ನೇ ಹಾಕಿಕೊಳ್ಳದ ಒಬ್ಬ ಲೇಖಕನ ಗುರುತಿಗಾಗಿ ಎಂಟು ಶತಮಾನ ಕಳೆದ ಮೇಲೆ ಒಂದು ನಾಡು ಹೀಗೆ ಎದ್ದು ನಿಂತದ್ದು ಸಣ್ಣ ಸಂಗತಿಯಲ್ಲ.

ಹೆಸರಿಲ್ಲದ ಬರಹದ ಕರ್ತೃವನ್ನು ಹುಡುಕುವ ವಿದ್ವತ್ತಿಗೆ ಈಗ ಗಣಿತದ ಬಲವೂ ಇದೆ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ‘ಪಬ್ಲಿಯಸ್’ ಎಂಬ ಒಂದೇ ಕಾವ್ಯನಾಮದಲ್ಲಿ ಮೂವರು ಬರೆದ 85 ಪ್ರಬಂಧಗಳಲ್ಲಿ 12ರ ಕರ್ತೃತ್ವ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ನಡುವೆ ವಿವಾದವಾಗಿ ಉಳಿದಿತ್ತು. ಫ್ರೆಡರಿಕ್ ಮೋಸ್ಟೆಲರ್ ಮತ್ತು ಡೇವಿಡ್ ವಾಲೆಸ್ 1964ರಲ್ಲಿ ಆ ಬರಹಗಳ ಸಣ್ಣಪುಟ್ಟ ಪದಗಳನ್ನು ಎಣಿಸಿ ಅವು ಮ್ಯಾಡಿಸನ್‌ನವೇ ಎಂದು ತೋರಿಸಿದರು. ಗಂಭೀರ ವಿಚಾರಗಳಾಗಲೀ ಅಲಂಕಾರಗಳಾಗಲೀ ಅವನನ್ನು ಹಿಡಿದುಕೊಡಲಿಲ್ಲ. ಬರೆಯುವಾಗ ಅವನು ಗಮನಿಸಿಯೇ ಇರದ ಅವ್ಯಯ, ಪ್ರತ್ಯಯದಂಥ ಪದಗಳು ಹಿಡಿದುಕೊಟ್ಟವು. ‘ಇದು ನನ್ನದು’ ಎಂದು ಕರ್ತೃ ಎಲ್ಲಿ ಹೇಳಿಕೊಳ್ಳುತ್ತಾನೋ ಅಲ್ಲಿ ಅವನು ಸಿಗದೆ, ಹೇಳಿಕೊಳ್ಳಲು ಮರೆತ ಕಡೆ ಸಿಕ್ಕ.

ವೈದ್ಯಕೀಯ ಪತ್ರಿಕೆಗಳ ಸಂಪಾದಕರು ದರ್ಶನ ಓದಿ ಬಂದವರಲ್ಲ. ಆದರೂ ಅವರ ನಿಯಮಗಳು ಮೆಲ್ಲಗೆ ಸಾಗಿದ್ದು ಹೊಣೆಯ ಕಡೆಗೇ. 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಸಂಪಾದಕರ ಗುಂಪು 1985ರಲ್ಲಿ ಲೇಖಕನಾಗಲು ಏನೇನು ಮಾಡಿರಬೇಕೆಂದು ಮೊದಲ ಸಲ ಗೊತ್ತುಪಡಿಸಿತು. 1997ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯ ಡ್ರಮಂಡ್ ರೆನೀ ಮತ್ತು ಅವರ ಸಂಗಡಿಗರು ‘ಲೇಖಕ’ ಎಂಬ ಪದವಿಯನ್ನೇ ಕೈಬಿಡೋಣ ಎಂದರು: ಸಿನಿಮಾದ ಕೊನೆಯಲ್ಲಿ ಬರುವ ಪಟ್ಟಿಯಂತೆ ಯಾರು ಯಾವ ಕೆಲಸ ಮಾಡಿದರೆಂದು ಬರೆಯೋಣ, ಇಡೀ ಲೇಖನಕ್ಕೆ ಯಾರು ಜಾಮೀನು ಎಂಬುದನ್ನೂ ಬರೆಯೋಣ. ಪ್ರಸ್ತಾಪ ಪೂರ್ತಿ ಗೆಲ್ಲಲಿಲ್ಲ, ಆದರೆ ಅದರ ಗುರುತು ಉಳಿಯಿತು. 2013ರಲ್ಲಿ ವ್ಯಾಂಕೂವರ್ ಗುಂಪು ನಾಲ್ಕನೆಯ ಷರತ್ತೊಂದನ್ನು ಸೇರಿಸಿತು. ಕೃತಿಯ ಎಲ್ಲ ಅಂಶಗಳಿಗೂ ಉತ್ತರ ಕೊಡಲು ಒಪ್ಪಿದವರಷ್ಟೇ ಲೇಖಕರು.

ಈ ಷರತ್ತಿನ ತೂಕ ಗೊತ್ತಾಗಿದ್ದು ಹತ್ತು ವರ್ಷದ ನಂತರ. 2023ರ ಜನವರಿಯ ಹೊತ್ತಿಗೆ ಕೆಲವು ಲೇಖನಗಳು ಚಾಟ್‌ಜಿಪಿಟಿಯನ್ನು ಸಹಲೇಖಕನೆಂದು ಹೆಸರಿಸಿ ಬಂದಿದ್ದವು. ‘ನೇಚರ್’ ಪತ್ರಿಕೆ ಅದನ್ನು ಒಪ್ಪುವುದಿಲ್ಲವೆಂದು ಸಾರಿತು. ಯಂತ್ರದ ಬರವಣಿಗೆ ಚೆನ್ನಾಗಿಲ್ಲ ಎಂಬುದು ಅದರ ಕಾರಣವಾಗಿರಲಿಲ್ಲ. ತಪ್ಪಾದರೆ ಉತ್ತರ ಕೊಡಲು ಅದಕ್ಕೆ ಬರುವುದಿಲ್ಲ ಎಂಬುದು ಕಾರಣ. ವಾಕ್ಯ ಕಟ್ಟುವ ಶಕ್ತಿ ಕರ್ತೃವಿನ ಲಕ್ಷಣವಲ್ಲ, ಉತ್ತರಿಸುವ ಶಕ್ತಿ ಮಾತ್ರ ಲಕ್ಷಣ ಎಂದು ಇಪ್ಪತ್ತೊಂದನೆಯ ಶತಮಾನದ ವಿಜ್ಞಾನ ಪತ್ರಿಕೆ ತೀರ್ಮಾನಿಸಬೇಕಾಯಿತು. ಕರಣ ಬೇರೆ, ಕರ್ತೃ ಬೇರೆ. ಬಾಚಿಯನ್ನು ಯಾರೂ ಜವಾಬು ಕೇಳುವುದಿಲ್ಲ.

ಹೊಣೆ ಹೊರುವ ಮನಸ್ಸೇ ಕರ್ತೃತ್ವವಾದರೆ ಆ ಮನಸ್ಸು ಎಲ್ಲಿ ರೂಪುಗೊಳ್ಳುತ್ತದೆ? ತರಗತಿಯಲ್ಲಿ. ವಿದ್ಯಾರ್ಥಿಗಳ ಗುರಿಗಳ ಕುರಿತು ನಡೆದ ಅಧ್ಯಯನಗಳಿಗೂ ಕರ್ತೃತ್ವದ ಪ್ರಶ್ನೆಗೂ ಇರುವ ನಂಟು ಮೇಲುನೋಟಕ್ಕೆ ಕಾಣುವುದಿಲ್ಲ. ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಕಾಣುತ್ತದೆ.

ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಐದನೆಯ ತರಗತಿಯ ಮಕ್ಕಳಿಗೆ ಆಕೃತಿಗಳ ಒಗಟುಗಳನ್ನು ಕೊಟ್ಟರು. ಮೊದಲ ಕಂತು ಆದಮೇಲೆ ಎಲ್ಲರಿಗೂ ‘ಚೆನ್ನಾಗಿ ಮಾಡಿದ್ದೀಯ’ ಎಂದರು. ಕೆಲವರಿಗೆ ‘ನೀನು ಜಾಣ’ ಎಂಬ ಮಾತನ್ನು ಸೇರಿಸಿದರು, ಕೆಲವರಿಗೆ ‘ಕಷ್ಟಪಟ್ಟಿದ್ದೀಯ’ ಎಂಬುದನ್ನು. ಇನ್ನು ಕೆಲವರಿಗೆ ಏನನ್ನೂ ಸೇರಿಸಲಿಲ್ಲ. ಎರಡನೆಯ ಕಂತು ಬೇಕೆಂದೇ ಬಹಳ ಕಠಿಣವಾಗಿತ್ತು, ಎಲ್ಲರೂ ಸೋತರು. ಮೂರನೆಯದು ಮೊದಲಿನಷ್ಟೇ ಕಷ್ಟದ್ದು. ಜಾಣರೆನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು, ಶ್ರಮಕ್ಕೆ ಹೊಗಳಿಕೆ ಪಡೆದವರು ಹೆಚ್ಚು ಮಾಡಿದರು. ಆಮೇಲೆ ಬೇರೆ ಶಾಲೆಯ, ಎಂದೂ ಕಾಣದ ಮಗುವಿಗೆ ಈ ಒಗಟುಗಳ ಬಗ್ಗೆ ಬರೆಯಲು ಒಂದು ಹಾಳೆ ಕೊಟ್ಟರು. ಹೆಸರು ಬರೆಯಬೇಕಾಗಿರಲಿಲ್ಲ. ತನಗೆ ಬಂದ ಅಂಕ ಬರೆಯಲು ಮಾತ್ರ ಒಂದು ಜಾಗವಿತ್ತು. ಜಾಣರೆನಿಸಿಕೊಂಡ ಮಕ್ಕಳಲ್ಲಿ ಸುಮಾರು ಶೇ 38 ಮಂದಿ ಅಂಕವನ್ನು ಹೆಚ್ಚಿಸಿ ಬರೆದರು. ಶ್ರಮಕ್ಕೆ ಹೊಗಳಿಕೆ ಪಡೆದವರಲ್ಲಿ ಹಾಗೆ ಮಾಡಿದವರು ಶೇ 13ರ ಆಸುಪಾಸು.

ಕೇಳುವವರಿಲ್ಲ, ಗುರುತಿಸುವವರಿಲ್ಲ, ಲಾಭವಿಲ್ಲ. ಆದರೂ ಸುಳ್ಳು. ಅಂಕ ಆ ಮಗುವಿಗೆ ತಾನು ಮಾಡಿದ ಕೆಲಸದ ಲೆಕ್ಕವಾಗಿ ಉಳಿದಿರಲಿಲ್ಲ. ತಾನು ಏನು ಎಂಬುದರ ತೀರ್ಪಾಗಿಬಿಟ್ಟಿತ್ತು. ಹತ್ತು ವರ್ಷದ ಮಗುವೊಂದು ಖಾಲಿ ಜಾಗದಲ್ಲಿ ಸುಳ್ಳು ಸಂಖ್ಯೆ ಬರೆಯುವ ಆ ಗಳಿಗೆಗೂ, ತಾನು ಮುಟ್ಟದ ಲೇಖನಕ್ಕೆ ಹಿರಿಯ ಪ್ರಾಧ್ಯಾಪಕನೊಬ್ಬ ಹೆಸರು ಸೇರಿಸುವ ಗಳಿಗೆಗೂ ಒಳಗಿನ ಎಳೆ ಒಂದೇ. ಎರಿಕ್ ಆಂಡರ್ಮನ್ ಮತ್ತು ಸಂಗಡಿಗರು ಅದೇ 1998ರಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳ ನಕಲಿನ ಬಗ್ಗೆ ಬರೆದದ್ದೂ ಇದಕ್ಕೆ ಒದಗುತ್ತದೆ: ತಮ್ಮ ಶಾಲೆಗೆ ಬೇಕಾದ್ದು ಅಂಕ ಮತ್ತು ಸಾಮರ್ಥ್ಯದ ಪ್ರದರ್ಶನ ಎಂದು ಭಾವಿಸಿದವರಲ್ಲಿ ನಕಲು ಹೆಚ್ಚಿತ್ತು. ಕಲಿಯುವ ಗುರಿ, ತೋರಿಸಿಕೊಳ್ಳುವ ಗುರಿ ಎಂದು ಮನೋವಿಜ್ಞಾನಿಗಳು ಈ ಎರಡನ್ನು ಬೇರ್ಪಡಿಸುತ್ತಾರೆ. ಫಲದ ಕಡೆ ಕಣ್ಣಿಟ್ಟರೆ ಕೆಲಸ ಕೆಡುತ್ತದೆ ಎಂಬ ಗೀತೆಯ ಎಚ್ಚರಿಕೆಯನ್ನು ಓದಿ ಬೆಳೆದವರಿಗೆ ಇದು ಪರಿಚಿತವೆನಿಸುತ್ತದೆ. ಗೀತೆಯ ಹದಿನೆಂಟನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದೇ ಕರ್ಮಕ್ಕೆ ಐದು ಕಾರಣಗಳಿವೆ, ಮಾಡುವವನು ಅವುಗಳಲ್ಲಿ ಒಂದು ಮಾತ್ರ ಎನ್ನುತ್ತದೆ. ಉಳಿದ ನಾಲ್ಕನ್ನು ಮರೆತು ತಾನೊಬ್ಬನೇ ಕರ್ತೃ ಎನ್ನುವವನ ನೋಟ ಸರಿಯಿಲ್ಲ ಎಂಬುದು ಅಲ್ಲಿನ ತೀರ್ಪು.

ಆದರೆ ಸಾಮರ್ಥ್ಯ ಹುಟ್ಟಿನಿಂದ ಬಂದದ್ದಲ್ಲ, ಶ್ರಮದಿಂದ ಬೆಳೆಯುವಂಥದ್ದು ಎಂಬ ಮನೋಭಾವ ಬೇಕೆನ್ನುವ ಡ್ವೆಕ್ ಅವರ ವಿಚಾರವನ್ನು ಮಂತ್ರದಂತೆ ಜಪಿಸುವವರು ಸ್ವಲ್ಪ ತಾಳಬೇಕು. 2018ರಲ್ಲಿ ವಿಕ್ಟೋರಿಯಾ ಸಿಸ್ಕ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಈ ಮನೋಭಾವಕ್ಕೂ ಅಂಕಗಳಿಗೂ ಇರುವ ನಂಟು ದುರ್ಬಲವೆಂದು ಕಂಡಿತು. 2019ರಲ್ಲಿ ಡೇವಿಡ್ ಯೇಗರ್ ತಂಡ ಅಮೆರಿಕದ 65 ಶಾಲೆಗಳ 12,000ಕ್ಕೂ ಹೆಚ್ಚು ಮಕ್ಕಳ ನಡುವೆ ಅದನ್ನು ಬೆಳೆಸಲು ನಡೆಸಿದ ಪ್ರಯೋಗದಲ್ಲಿ ಹಿಂದುಳಿದ ಮಕ್ಕಳ ಅಂಕ ಏರಿದ್ದು ನಿಜ, ಆದರೆ ಬಹಳ ಕೊಂಚ. ಸುತ್ತಲಿನ ಸಹಪಾಠಿಗಳ ವಾತಾವರಣ ಕಷ್ಟದ ಕೆಲಸಕ್ಕೆ ಒತ್ತಾಸೆ ಕೊಡುವಂಥ ಶಾಲೆಗಳಲ್ಲಿ ಪರಿಣಾಮ ಹೆಚ್ಚು ಕಂಡಿತು. ಅಂದರೆ ಮನಸ್ಸೊಂದನ್ನೇ ತಿದ್ದಿ ಸಾಲದು. ಸಂಸ್ಥೆ ಏನನ್ನು ಎಣಿಸುತ್ತದೆ, ಯಾವುದಕ್ಕೆ ಬಹುಮಾನ ಕೊಡುತ್ತದೆ ಎಂಬುದನ್ನು ತಿದ್ದಬೇಕು.

ಭಾರತದ ವಿಶ್ವವಿದ್ಯಾಲಯಗಳು ಏನನ್ನು ಎಣಿಸಿದವು ಎಂಬುದು ದಾಖಲೆಯಲ್ಲಿದೆ. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಲೇಬೇಕೆಂಬ ನಿಯಮ ವರ್ಷಗಟ್ಟಲೆ ಇತ್ತು. ಅದರ ಹಿಂದೆಯೇ ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ ಕೃತಿಚೌರ್ಯದ ವಿರುದ್ಧ ನಿಯಮ ಬಂತು: ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ, 10ರಿಂದ 40ರವರೆಗೆ ಇದ್ದರೆ ತಿದ್ದಿ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. 2022ರ ನವೆಂಬರಿನ ನಿಯಮಗಳಲ್ಲಿ ಲೇಖನ ಪ್ರಕಟಣೆಯ ಕಡ್ಡಾಯ ಹೋಯಿತು. ಅದು ತಡವಾಗಿ ಬಂದ ಒಳ್ಳೆಯ ನಿರ್ಧಾರ. ಆದರೆ ಅಷ್ಟರಲ್ಲಿ ಒಂದಿಡೀ ಪೀಳಿಗೆಗೆ ಸಂಶೋಧನೆ ಎಂದರೆ ಶೇಕಡಾವಾರು ಇಳಿಸುವುದು ಎಂಬ ಪಾಠವಾಗಿತ್ತು. ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿ ಸಾಫ್ಟ್‌ವೇರಿನ ಕಣ್ಣು ತಪ್ಪಿಸಿದ ವಿದ್ಯಾರ್ಥಿ ನಿಯಮವನ್ನು ಪಾಲಿಸಿದ್ದಾನೆ. ಬರಹದ ಹೊಣೆಯನ್ನು ಒಂದಿಷ್ಟೂ ಹೊತ್ತಿಲ್ಲ.

ನಮ್ಮ ಯಾವುದೇ ಪಿಎಚ್‌.ಡಿ. ಪ್ರಬಂಧವನ್ನು ತೆರೆದರೆ ಮೊದಲಲ್ಲೇ ಎರಡು ಬಗೆಯ ಪುಟಗಳು ಸಿಗುತ್ತವೆ. ಒಂದು ಘೋಷಣೆ: ಇದು ನನ್ನ ಸ್ವಂತ ಸಂಶೋಧನೆ, ಬೇರೆಲ್ಲೂ ಯಾವ ಪದವಿಗೂ ಸಲ್ಲಿಸಿಲ್ಲ ಎಂದು ವಿದ್ಯಾರ್ಥಿಯ ಸಹಿ. ಇನ್ನೊಂದು ಕೃತಜ್ಞತೆ: ಮಾರ್ಗದರ್ಶಕರಿಲ್ಲದೆ ಇದು ಆಗುತ್ತಿರಲಿಲ್ಲ, ತಂದೆತಾಯಿ ಇಲ್ಲದೆ ಆಗುತ್ತಿರಲಿಲ್ಲ, ಗ್ರಂಥಾಲಯದ ಸಿಬ್ಬಂದಿ, ಕ್ಷೇತ್ರಕಾರ್ಯದಲ್ಲಿ ಮಾತಾಡಿದ ಹಿರಿಯರು, ಡಿಟಿಪಿ ಮಾಡಿಕೊಟ್ಟವರು, ದೇವರು. ಒಂದು ಪುಟ ‘ನಾನೇ’ ಎನ್ನುತ್ತದೆ, ಇನ್ನೊಂದು ‘ನಾನಲ್ಲ’ ಎನ್ನುತ್ತದೆ. ಇದನ್ನು ಬರೀ ಔಪಚಾರಿಕತೆ ಎಂದು ದಾಟಿಹೋಗುವವರೇ ಹೆಚ್ಚು. ಎರಡೂ ಪುಟಗಳನ್ನು ಮನಸ್ಸಿಟ್ಟು ಬರೆದರೆ ಮಧ್ವರ ಬಡಗಿಯ ಸ್ಥಿತಿಯೇ ಅದು. ಕೃತಜ್ಞತೆಯ ಪುಟ ಹಕ್ಕನ್ನು ಹಂಚುತ್ತದೆ. ಘೋಷಣೆಯ ಪುಟ ಹೊಣೆಯನ್ನು ಹಂಚದೆ ಇಟ್ಟುಕೊಳ್ಳುತ್ತದೆ.

ವಿದ್ಯಾರ್ಥಿ ಮತ್ತು ಕರ್ತೃತ್ವ ಎರಡೂ ಒಂದೇ ಕಡೆ ಕೂಡಿರುವ ಕಥೆಯೊಂದು ದಾಸಪರಂಪರೆಯಲ್ಲಿದೆ. ಹದಿನೆಂಟನೆಯ ಶತಮಾನ, ರಾಯಚೂರು ಸೀಮೆಯ ಮಾನ್ವಿ. ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರನ್ನು ಕಂಡರೆ ತಾತ್ಸಾರ. ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರು, ಆಮೇಲೆ ನಿಜವಾದ ಹೊಟ್ಟೆನೋವೇ ಹತ್ತಿಕೊಂಡಿತು ಎನ್ನುತ್ತದೆ ಸಂಪ್ರದಾಯ. ಔಷಧಕ್ಕೆ ಬಗ್ಗದ ನೋವು. ಕೊನೆಗೆ ವಿಜಯದಾಸರಲ್ಲಿಗೇ ಹೋದರು, ಅವರು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ಪಾಲು ಕೊಟ್ಟು ಉಳಿಸಿದರು, ಪಂಢರಪುರಕ್ಕೆ ಹೋಗೆಂದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ‘ಜಗನ್ನಾಥವಿಠಲ’ ಎಂಬ ಅಂಕಿತ ದೊರೆಯಿತು. ಆ ವಿದ್ವಾಂಸರೇ ಜಗನ್ನಾಥದಾಸರಾಗಿ ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲೇ ‘ಹರಿಕಥಾಮೃತಸಾರ’ ಬರೆದರು.

ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಕಥೆಯೊಳಗಿನ ಶಿಕ್ಷಣ ಮಾತ್ರ ಯಾರಿಗೂ ಸಿಗುವಂಥದ್ದು. ವಿದ್ಯೆಯನ್ನು ತೋರಿಸಿಕೊಳ್ಳಲು ಇಟ್ಟುಕೊಂಡಿದ್ದ ವಿದ್ಯಾರ್ಥಿ ಮೊದಲು ಆಡಿದ್ದು ಸುಳ್ಳು. ಅವನನ್ನು ಬದಲಿಸಿದ ಗುರು ತನ್ನ ಹೆಸರನ್ನು ಶಿಷ್ಯನ ಕೃತಿಯ ಮೇಲೆ ಹಾಕಲಿಲ್ಲ. ದಾಸಪಂಥದಲ್ಲಿ ಅಂಕಿತ ಗುರುವಿನ ಮೂಲಕ ಬರುತ್ತದೆ, ಆದರೆ ಬಂದ ಮೇಲೆ ಅದು ಶಿಷ್ಯನದೇ. ಅದರಲ್ಲಿ ವಿಠಲನ ಹೆಸರಿದೆ, ಗುರುವಿನ ಹೆಸರಿಲ್ಲ. ಶಿಷ್ಯನ ಲೇಖನದಲ್ಲಿ ತಮ್ಮ ಹೆಸರು ಮೊದಲಿರಲಿ ಎನ್ನುವ ಮಾರ್ಗದರ್ಶಕರು ಈ ಪರಂಪರೆಯ ನಾಡಿನಲ್ಲೇ ಪಾಠ ಮಾಡುತ್ತಿದ್ದಾರೆ ಎಂಬುದು ನೋವಿನ ಸಂಗತಿ.

ಇಲ್ಲಿ ಒಂದು ಕಠಿಣ ಆಕ್ಷೇಪ ಏಳುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಹೆಸರಿನ ಆಸೆ ಬಿಡು ಎನ್ನುವುದು ಹೆಸರಿದ್ದವರಿಗೆ ಹೇಳುವ ಮಾತು. ಹೆಸರೇ ಸಿಗದವರಿಗೆ, ಕೆಲಸವನ್ನು ಕಸಿದುಕೊಂಡವರ ಎದುರು ನಿಂತ ವಿದ್ಯಾರ್ಥಿಗೆ, ಅದು ಉಪದೇಶವಾಗದೆ ಇನ್ನೊಂದು ಪೆಟ್ಟಾಗುತ್ತದೆ. ನಿಷ್ಕಾಮ ಕರ್ಮವನ್ನು ದುರ್ಬಲರ ಮೇಲೆ ಹೇರುವ ಚಟ ನಮ್ಮ ಸಮಾಜಕ್ಕೆ ಹಳೆಯದು. ತ್ಯಾಗ ತ್ಯಾಗವಾಗಬೇಕಾದರೆ ಬಿಡುವ ವಸ್ತು ಮೊದಲು ಕೈಯಲ್ಲಿರಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಝುಕರ್ಮನ್ 1960ರ ದಶಕದಲ್ಲಿ ನೊಬೆಲ್ ವಿಜ್ಞಾನಿಗಳ ಲೇಖನಗಳನ್ನು ನೋಡಿದಾಗ ಮೊದಲ ಲೇಖಕರ ಸ್ಥಾನವನ್ನು ಕಿರಿಯರಿಗೆ ಬಿಟ್ಟುಕೊಡುವ ಔದಾರ್ಯ ಅವರಲ್ಲಿ ಕಂಡಿತು. ಹೆಸರು ತುಂಬಿ ತುಳುಕುವವರಿಗೆ ಅದು ಸುಲಭ.

ಹಾಗಾದರೆ ಕೈಯಲ್ಲಿ ಇಲ್ಲದವರು ಏನು ಮಾಡಬೇಕು? ಖಗೋಳಜ್ಞೆ ಜೋಸೆಲಿನ್ ಬೆಲ್ ಬರ್ನೆಲ್ ಅವರ ಬದುಕು ಇದಕ್ಕೆ ಸರಳ ಉತ್ತರ ಕೊಡುವುದಿಲ್ಲ. ಅದಕ್ಕಾಗಿಯೇ ಅದು ಮುಖ್ಯ. ಉತ್ತರ ಐರ್ಲೆಂಡಿನ ಕ್ವೇಕರ್ ಮನೆತನದ ಹುಡುಗಿ 1965ರಲ್ಲಿ ಕೇಂಬ್ರಿಜ್‌ಗೆ ಪಿಎಚ್‌.ಡಿ.ಗೆ ಸೇರಿದಳು. ತನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ, ಒಂದು ದಿನ ಗೊತ್ತಾಗಿ ಹೊರಗೆ ಹಾಕುತ್ತಾರೆ ಎಂಬ ಭಯ. ಹಾಗೆ ಹಾಕಿದರೂ ತನ್ನ ಮನಸ್ಸಿಗೆ ಅಳುಕಿರಬಾರದೆಂದು ಎಲ್ಲವನ್ನೂ ಕೂಲಂಕಷವಾಗಿ ಮಾಡಿದಳು. ಆಂಟನಿ ಹ್ಯೂಯಿಶ್ ಅವರ ಮಾರ್ಗದರ್ಶನದಲ್ಲಿ ನಾಲ್ಕೂವರೆ ಎಕರೆಯ ರೇಡಿಯೊ ದೂರದರ್ಶಕಕ್ಕೆ ಗೂಟ ಹೊಡೆದು ತಂತಿ ಎಳೆದವರಲ್ಲಿ ಅವಳೂ ಒಬ್ಬಳು. 1967ರಲ್ಲಿ ಯಂತ್ರ ಓಡತೊಡಗಿದಾಗ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದದ ಮೇಲೆ ಗೆರೆಗಳು ಬರುತ್ತಿದ್ದವು. ಅವನ್ನು ಓದುವ ಕೆಲಸ ಅವಳದು. ಆ ಗೆರೆಗಳ ನಡುವೆ ಕಾಲು ಅಂಗುಲದಷ್ಟು ಜಾಗದಲ್ಲಿ ಮಿನುಗುವ ರೇಡಿಯೊ ಆಕರದಂತೆಯೂ ಕಾಣದ, ಮನುಷ್ಯರ ಗದ್ದಲದಂತೆಯೂ ಕಾಣದ ಒಂದು ಕಲೆಯನ್ನು ಕಂಡಳು. ಮತ್ತೆ ಮತ್ತೆ ಆಕಾಶದ ಅದೇ ಜಾಗದಿಂದ. ಕಾಗದದ ವೇಗ ಹೆಚ್ಚಿಸಿ ನೋಡಿದಾಗ 1.3 ಸೆಕೆಂಡಿಗೊಂದರಂತೆ ಮಿಡಿತ. ಮೊದಲ ಪಲ್ಸಾರ್, ಅಂದರೆ ಮಿಡಿಯುವ ನಕ್ಷತ್ರ, ಸಿಕ್ಕಿತ್ತು.

1968ರ ‘ನೇಚರ್’ ಲೇಖನದ ಐವರು ಲೇಖಕರಲ್ಲಿ ಹ್ಯೂಯಿಶ್ ಮೊದಲು, ಬೆಲ್ ಎರಡನೆಯವಳು. ಅವಳ ಸ್ವಂತ ಪಿಎಚ್‌.ಡಿ. ಪ್ರಬಂಧದಲ್ಲಿ ಪಲ್ಸಾರ್ ಬಂದದ್ದು ಅನುಬಂಧದಲ್ಲಿ. ಪ್ರಬಂಧದ ವಿಷಯ ಬೇರೆಯಾಗಿತ್ತು. 1974ರ ನೊಬೆಲ್ ಪ್ರಶಸ್ತಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಖಗೋಳಜ್ಞ ಫ್ರೆಡ್ ಹಾಯ್ಲ್ ಬಹಿರಂಗವಾಗಿ ಪ್ರತಿಭಟಿಸಿದರು. ಬೆಲ್ ಬರ್ನೆಲ್ ಪ್ರತಿಭಟಿಸಲಿಲ್ಲ. ಸಂಶೋಧನೆ ಸೋತರೆ ಹೊಣೆ ಮಾರ್ಗದರ್ಶಕರದೇ ಆಗುವಾಗ ಗೆದ್ದರೆ ಪ್ರಯೋಜನವೂ ಅವರಿಗೆ ಸಲ್ಲುವುದು ನ್ಯಾಯ ಎಂಬ ಅರ್ಥದ ಮಾತನ್ನು 1977ರಲ್ಲಿ ಆಡಿದರು.

ಅವರ ತರ್ಕ ಉದಾತ್ತವಾದದ್ದು, ಆದರೆ ಒಪ್ಪುವುದು ಕಷ್ಟ. ಆ ಕಾಲು ಅಂಗುಲದ ಕಲೆಯನ್ನು ಗದ್ದಲವೆಂದು ಬಿಟ್ಟುಬಿಡದೆ ಬೆನ್ನು ಹತ್ತಿದ ಹೊಣೆಯನ್ನು ಹೊತ್ತದ್ದು ವಿದ್ಯಾರ್ಥಿನಿ. ಹೊಣೆಯೇ ಕರ್ತೃತ್ವದ ಅಳತೆಗೋಲಾದರೆ ಆ ಅಳತೆಯಲ್ಲೂ ಅವಳದೇ ಪಾಲು ದೊಡ್ಡದು. ಅವಳು ಬೇಡವೆಂದಳು ಎಂಬುದರಿಂದ ಪ್ರಶಸ್ತಿ ಸಮಿತಿಯ ಲೋಪ ತುಂಬಿಬರುವುದಿಲ್ಲ. ಬಿಡುವುದು ಅವಳ ಧರ್ಮ, ಕೊಡುವುದು ಅವರ ಧರ್ಮ. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಮಾರ್ಗದರ್ಶಕ ಮತ್ತು ವಿದ್ಯಾರ್ಥಿ ಕೆಲಸದ ಮೊದಲ ದಿನವೇ ಯಾರ ಹೆಸರು ಎಲ್ಲಿ, ಯಾತಕ್ಕೆ ಎಂದು ಬರೆದಿಟ್ಟುಕೊಳ್ಳಬೇಕಾದದ್ದೂ ಇದಕ್ಕೇ. ಹೆಸರು ಯಾರಿಗೆ ಸಲ್ಲಬೇಕೆಂಬುದು ನ್ಯಾಯದ ವಿಷಯ, ಅದನ್ನು ಒಬ್ಬರ ವೈರಾಗ್ಯಕ್ಕೆ ಬಿಡಲಾಗದು.

2018ರಲ್ಲಿ ಬೆಲ್ ಬರ್ನೆಲ್ ಅವರಿಗೆ 30 ಲಕ್ಷ ಡಾಲರಿನ ಬ್ರೇಕ್‌ಥ್ರೂ ವಿಶೇಷ ಪ್ರಶಸ್ತಿ ಬಂತು. ಈ ಸಲ ಫಲ ಕೈಗೇ ಬಂದಿತ್ತು. ಅಷ್ಟನ್ನೂ ಬ್ರಿಟನ್ನಿನ ಭೌತವಿಜ್ಞಾನ ಸಂಸ್ಥೆಗೆ ಕೊಟ್ಟರು. ಭೌತವಿಜ್ಞಾನದಲ್ಲಿ ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯಗಳ ವಿದ್ಯಾರ್ಥಿಗಳು ಪಿಎಚ್‌.ಡಿ. ಮಾಡಲು ಅದು ವಿದ್ಯಾರ್ಥಿವೇತನವಾಯಿತು. ಕೇಂಬ್ರಿಜ್‌ನಲ್ಲಿ ತಾನು ಅಲ್ಪಸಂಖ್ಯಾತಳಾಗಿ, ಅಂಜಿಕೊಂಡೇ ಇದ್ದುದರಿಂದ ಪಲ್ಸಾರ್ ಕಣ್ಣಿಗೆ ಬಿತ್ತು, ಹೊರಗಿನಿಂದ ಬಂದವರು ಹೊಸದನ್ನು ಕಾಣುತ್ತಾರೆ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣವಾಗಿತ್ತು.